ಉಳಿಯಬೇಕಾದರೆ ಬದಲಾಗುತ್ತಲೇ ಇರಬೇಕು: ತಿಮಿಂಗಿಲ ಬೇಟೆಯ ಕೊನೆಯ ಮರದ ಹಡಗಿನ ಕತೆ

1941ರ ನವೆಂಬರ್ 8ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಸ್ಟಿಕ್ ಎಂಬ ಸಣ್ಣ ಊರಿನ ಕಡಲ ಮ್ಯೂಸಿಯಂಗೆ ನೂರು ವರ್ಷ ಹಳೆಯ ಮರದ ಹಡಗೊಂದನ್ನು ಎಳೆದು ತಂದರು. ಸುಮಾರು ಒಂದು ತಿಂಗಳಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಯಿತು, ಅಮೆರಿಕ ಯುದ್ಧಕ್ಕಿಳಿಯಿತು. ಆಮೇಲೆ ಹಳೆ ಹಡಗಿಗೆ ದುಡ್ಡು ಕೂಡಿಸುವವರೂ ಇರುತ್ತಿರಲಿಲ್ಲ, ಎಳೆಯುವ ಟಗ್ ದೋಣಿಯೂ ಸಿಗುತ್ತಿರಲಿಲ್ಲ. ನಾಲ್ಕು ವಾರ ತಡವಾಗಿದ್ದರೆ ಚಾರ್ಲ್ಸ್ ಡಬ್ಲ್ಯು. ಮಾರ್ಗನ್ ಎಂಬ ಆ ಹಡಗು ಬಹುಶಃ ಇಂದು ಇರುತ್ತಿರಲಿಲ್ಲ.

ಅಮೆರಿಕದ ತಿಮಿಂಗಿಲ ಬೇಟೆಯ ಪಡೆಯಲ್ಲಿ ಒಟ್ಟು 2,700ಕ್ಕೂ ಹೆಚ್ಚು ಹಡಗುಗಳು ದುಡಿದವು ಎಂದು ಲೆಕ್ಕ. ಅಷ್ಟರಲ್ಲಿ ಉಳಿದಿರುವ ಮರದ ಹಡಗು ಇದೊಂದೇ. ಅದನ್ನು ಉಳಿಸಿದ್ದು ಹೇಗೆ ಎಂದು ಬಿಡಿಸಿ ನೋಡಿದರೆ, ಸ್ಮಾರಕವನ್ನು ಕಾಪಾಡುವುದು ಎಂದರೆ ಏನು ಎಂಬ ಬಗ್ಗೆ ನಾವು ಇಟ್ಟುಕೊಂಡಿರುವ ಕಲ್ಪನೆಯೇ ಕೊಂಚ ಅಲುಗಾಡುತ್ತದೆ. ನಮ್ಮ ಮನಸ್ಸಿನಲ್ಲಿ ಸ್ಮಾರಕ ಎಂದರೆ ಕಲ್ಲು. ಮುಟ್ಟಬೇಡಿ, ಬೇಲಿ ಹಾಕಿ, ಇದ್ದದ್ದನ್ನು ಇದ್ದ ಹಾಗೆ ಬಿಡಿ. ಮರದ ಹಡಗಿಗೆ ಈ ಸೂತ್ರ ಹಚ್ಚಿದರೆ ಅದು ಸಾಯುತ್ತದೆ. ಮಾರ್ಗನ್ ಹಾಗೆ ಸಾಯುವ ಹತ್ತಿರಕ್ಕೂ ಹೋಗಿಬಂದಿದೆ.

ಈ ಹಡಗು ಹುಟ್ಟಿದ್ದು ಮ್ಯಾಸಚುಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ನಲ್ಲಿ, ಹಿಲ್‌ಮನ್ ಸಹೋದರರ ಹಡಗುಕಟ್ಟೆಯಲ್ಲಿ. ನೀರಿಗಿಳಿದದ್ದು 1841ರ ಜುಲೈ 21ರಂದು. ಆಗಿನ ಜಗತ್ತು ರಾತ್ರಿ ದೀಪ ಹಚ್ಚುತ್ತಿದ್ದುದರಲ್ಲಿ ತಿಮಿಂಗಿಲದ ಎಣ್ಣೆಯ ಪಾಲು ದೊಡ್ಡದು. ಯಂತ್ರಗಳ ಕೀಲಿಗೆ ಹಾಕುತ್ತಿದ್ದುದೂ ಅದನ್ನೇ. ನ್ಯೂ ಬೆಡ್‌ಫರ್ಡ್ ಆ ಎಣ್ಣೆಯ ರಾಜಧಾನಿ. ಮಾರ್ಗನ್ ಮೊದಲ ಪಯಣಕ್ಕೆ ಹೊರಟು ಮೂರು ವರ್ಷ ನಾಲ್ಕು ತಿಂಗಳ ನಂತರ ವಾಪಸಾಯಿತು. ತಂದ ಸರಕಿನ ಬೆಲೆ 56 ಸಾವಿರ ಡಾಲರ್‌ಗೂ ಮಿಗಿಲು. ಹಾಗೆ 80 ವರ್ಷಗಳಲ್ಲಿ 37 ಪಯಣ, ಬಂದರಿಗೆ ತಂದು ಇಳಿಸಿದ್ದು 54 ಸಾವಿರಕ್ಕೂ ಹೆಚ್ಚು ಪೀಪಾಯಿ ಎಣ್ಣೆ.

ಅದರ ಜೊತೆಯ ಹಡಗುಗಳು ಒಂದೊಂದಾಗಿ ಹೋದವು. ಅಂತರ್ಯುದ್ಧದ ಕಾಲದಲ್ಲಿ ಉತ್ತರದವರು ಹಳೆಯ ಬೇಟೆ ಹಡಗುಗಳಿಗೆ ಕಲ್ಲು ತುಂಬಿ, ಶತ್ರುವಿನ ಬಂದರಿನ ಬಾಯಿ ಕಟ್ಟಲು ಚಾರ್ಲ್ಸ್‌ಟನ್ ಎದುರಿಗೆ ಮುಳುಗಿಸಿದರು. 1865ರಲ್ಲಿ ದಕ್ಷಿಣದವರ ಶೆನಂಡೋವಾ ಎಂಬ ಯುದ್ಧನೌಕೆ ಬೇರಿಂಗ್ ಸಮುದ್ರದಲ್ಲಿ ಬೇಟೆ ಹಡಗುಗಳನ್ನು ಹುಡುಕಿ ಹುಡುಕಿ ಸುಟ್ಟಿತು. 1871ರಲ್ಲಿ ಆರ್ಕ್‌ಟಿಕ್ ಮಂಜುಗಡ್ಡೆ ಮೂವತ್ತಕ್ಕೂ ಹೆಚ್ಚು ಹಡಗುಗಳನ್ನು ಒಮ್ಮೆಲೇ ಹಿಡಿದುಕೊಂಡಿತು. ಇದೆಲ್ಲದರ ನಡುವೆ 1859ರಲ್ಲೇ ಪೆನ್ಸಿಲ್ವೇನಿಯಾದಲ್ಲಿ ನೆಲದಡಿಯಿಂದ ಕಲ್ಲೆಣ್ಣೆ ಮೇಲೆ ಬಂದಿತ್ತು. ಸೀಮೆಎಣ್ಣೆ ಬಂದ ಮೇಲೆ ತಿಮಿಂಗಿಲದ ಎಣ್ಣೆಯನ್ನು ಕೇಳುವವರು ಕಡಿಮೆಯಾದರು. ಮಾರ್ಗನ್ ಉಳಿದುಕೊಂಡದ್ದು ಗಟ್ಟಿತನದಿಂದ ಎಷ್ಟೋ, ಅದೃಷ್ಟದಿಂದಲೂ ಅಷ್ಟೇ.

1921ರ ಮೇ ತಿಂಗಳಲ್ಲಿ ಕೊನೆಯ ಬೇಟೆ ಮುಗಿಸಿ ಬಂದ ಹಡಗನ್ನು ಕಟ್ಟಿಹಾಕಿದರು. 1924ರ ಜೂನ್‌ನಲ್ಲಿ ಸ್ಯಾಂಕಟಿ ಎಂಬ ಉಗಿಹಡಗಿಗೆ ಬೆಂಕಿ ಬಿದ್ದು, ಕಟ್ಟಿದ ಹಗ್ಗ ಸುಟ್ಟು, ಅದು ಉರಿಯುತ್ತಲೇ ಬಂದರಿನುದ್ದಕ್ಕೂ ತೇಲಿ ಬಂದು ಮಾರ್ಗನ್‌ಗೆ ಬಡಿಯಿತು. ಆಚೆ ದಡದ ಫೇರ್‌ಹೇವನ್ ಊರಿನ ಅಗ್ನಿಶಾಮಕದವರು ಬೆಂಕಿ ಆರಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ವಾಂಡರರ್ ಎಂಬ ಇನ್ನೊಂದು ಬೇಟೆ ಹಡಗು ಹೊರಟ ಮರುದಿನವೇ ಬಿರುಗಾಳಿಗೆ ಸಿಕ್ಕಿ ಕಟಿಹಂಕ್ ದ್ವೀಪದ ಬಂಡೆಗೆ ಅಪ್ಪಳಿಸಿತು. ಹ್ಯಾರಿ ನೀಲ್ಯಾಂಡ್ ಎಂಬ ಕಲಾವಿದ ಹಡಗನ್ನು ಉಳಿಸಿ ಎಂದು ಬಾಗಿಲು ಬಾಗಿಲು ತಟ್ಟುತ್ತಿದ್ದ ಕಾಲ ಇದು.

ಬಾಗಿಲು ತೆರೆದದ್ದು ಕರ್ನಲ್ ಎಡ್ವರ್ಡ್ ಗ್ರೀನ್ ಎಂಬ ಆಗರ್ಭ ಶ್ರೀಮಂತ. ಒಂದು ಕಾಲಕ್ಕೆ ಅವನ ಅಜ್ಜನ ಕಂಪನಿ ಈ ಹಡಗಿನ ಒಡೆತನ ಹೊಂದಿತ್ತು. ರೌಂಡ್ ಹಿಲ್ ಎಂಬಲ್ಲಿ ಅವನ ಬಂಗಲೆಯ ಮುಂದೆಯೇ ಕಡಲು. ಅಲ್ಲಿಗೆ ಹಡಗನ್ನು ತರಿಸಿ, ರಿಪೇರಿ ಮಾಡಿಸಿ, ಧಕ್ಕೆಯ ಪಕ್ಕದಲ್ಲಿ ಮರಳು ಮತ್ತು ಕಾಂಕ್ರೀಟಿನ ಹಾಸಿಗೆಯಲ್ಲಿ ಕೂರಿಸಿದ. ಜನ ಸಾಲುಗಟ್ಟಿ ಬಂದು ನೋಡಿದರು. ಆ ಮನುಷ್ಯನ ಉದ್ದೇಶದ ಬಗ್ಗೆ ನನಗೆ ಗೌರವವಿದೆ. ಅವನಿಲ್ಲದಿದ್ದರೆ ಮುಂದಿನ ಕತೆಯೇ ಇಲ್ಲ. ಆದರೆ ಹಡಗನ್ನು ಗುಡಿಯ ವಿಗ್ರಹದಂತೆ ಸ್ಥಾಪಿಸಿದ್ದೇ ಅದಕ್ಕೆ ಮುಳುವಾಯಿತು. 1936ರಲ್ಲಿ ಗ್ರೀನ್ ತೀರಿಕೊಂಡ. ಹಡಗಿನ ಖರ್ಚಿಗೆಂದು ಅವನು ಏನನ್ನೂ ತೆಗೆದಿಟ್ಟಿರಲಿಲ್ಲ. 1938ರ ಚಂಡಮಾರುತ ಬಂದು ಇನ್ನಷ್ಟು ಹಾನಿ ಮಾಡಿತು.

ಮರಳಿನಲ್ಲಿ ಕೂರಿಸಿದರೆ ತಪ್ಪೇನು? ಮುಳುಗುವ ಭಯವಿಲ್ಲ, ಅಲೆಯ ಹೊಡೆತವಿಲ್ಲ. ಮೇಲ್ನೋಟಕ್ಕೆ ಜಾಣತನವೇ. ಇದು ಅರ್ಥವಾಗಬೇಕಾದರೆ ಮರ ಹೇಗೆ ಕೊಳೆಯುತ್ತದೆ ಎಂಬುದನ್ನು ನೋಡಬೇಕು.

ಮರವನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ಗಾಳಿ ಬೇಕು, ತೇವ ಬೇಕು. ಮರದೊಳಗಿನ ತೇವ ಶೇ 20ಕ್ಕಿಂತ ಕಡಿಮೆಯಿದ್ದರೆ ಅದು ಬೆಳೆಯಲಾರದು. ಉಪ್ಪುನೀರಿನಲ್ಲಿ ಪೂರ್ತಿ ನೆನೆದ ಮರದಲ್ಲೂ ಅದರ ಆಟ ನಡೆಯುವುದಿಲ್ಲ. ಹಾಗಾಗಿ ಮರದ ಹಡಗಿನ ನಿಜವಾದ ವೈರಿ ಸಮುದ್ರವಲ್ಲ, ಮಳೆ. ಡೆಕ್ಕಿನ ಹಲಗೆಯ ಸಂದಿಯಿಂದ ಒಂದೊಂದೇ ಹನಿ ಸಿಹಿನೀರು ಒಳಗಿಳಿಯುತ್ತದೆ. ಹಡಗಿನ ಗೋಡೆ ಒಂದೇ ಪದರದ್ದಲ್ಲ: ನಡುವೆ ಪಕ್ಕೆಲುಬಿನಂತೆ ಬಾಗಿದ ಫ್ರೇಮುಗಳು, ಹೊರಗೊಂದು ಹಲಗೆಯ ಪದರ, ಒಳಗೊಂದು. ಈ ಎರಡರ ನಡುವಿನ ಕತ್ತಲೆಯ ಸಂದಿಯಲ್ಲಿ ಸಿಹಿನೀರು ನಿಂತರೆ, ಗಾಳಿಯಾಡದಿದ್ದರೆ, ಅಲ್ಲೇ ಕೊಳೆತ ಶುರು. ಹೊರಗಿನಿಂದ ನೋಡಿದವರಿಗೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಬೆರಳಿಟ್ಟರೆ ಪುಡಿ. ಹಳೆಯ ಬಡಗಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರು ಫ್ರೇಮುಗಳ ನಡುವೆ ಕಲ್ಲುಪ್ಪು ತುಂಬುತ್ತಿದ್ದರು. ಸೋರಿ ಬಂದ ಮಳೆನೀರು ಉಪ್ಪು ಕರಗಿಸಿಕೊಂಡು ಉಪ್ಪುನೀರಾಗಿಯೇ ಕೆಳಗಿಳಿಯಲಿ ಎಂಬ ಉಪಾಯ. ಮಾರ್ಗನ್‌ಗೂ ಹೀಗೆ ಉಪ್ಪು ತುಂಬಿಸಿದ್ದಾರೆ.

ನೀರಿನ ಕೆಳಗಿನ ಭಾಗಕ್ಕೆ ಬೇರೆಯದೇ ಕಾಟ. ಹಡಗುಹುಳು ಎಂಬುದು ಹೆಸರಿಗೆ ಹುಳುವಾದರೂ ಜಾತಿಯಲ್ಲಿ ಕಪ್ಪೆಚಿಪ್ಪಿನ ನೆಂಟ. ಎಳೆಯದಿರುವಾಗ ಮರದೊಳಗೆ ಹೊಕ್ಕು, ತಿನ್ನುತ್ತ ಬೆಳೆಯುತ್ತ, ಹೊರಗೆ ಸಣ್ಣ ತೂತನ್ನಷ್ಟೇ ಬಿಟ್ಟು ಒಳಗೆಲ್ಲ ಸುರಂಗ ಮಾಡುತ್ತದೆ. ಇದನ್ನು ತಡೆಯಲು ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು.

ಇನ್ನು ಹಲಗೆಗಳ ಸಂದಿ. ಹತ್ತಿ ಮತ್ತು ಹಳೆ ಹಗ್ಗದ ನಾರನ್ನು ಉಳಿಯಿಂದ ಬಡಿದು ಬಡಿದು ತುರುಕುತ್ತಾರೆ. ಹಡಗು ನೀರಿಗಿಳಿದಾಗ ಹಲಗೆ ಊದಿ ನಾರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಂದರೆ ಹಡಗನ್ನು ನೀರು ಒಳಬಾರದಂತೆ ಕಾಯುವುದು ನೀರೇ. ಹಡಗನ್ನು ಒಣಗಲು ಬಿಟ್ಟರೆ ಹಲಗೆ ಕುಗ್ಗುತ್ತದೆ, ಸಂದಿ ಬಾಯಿ ಬಿಡುತ್ತದೆ, ನಾರು ಸಡಿಲವಾಗುತ್ತದೆ. ಜೊತೆಗೆ ಮರಳಲ್ಲಿ ಹೂತ ಹಡಗಿನ ತಳ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣದ್ದನ್ನು ರಿಪೇರಿ ಮಾಡುವವರು ಯಾರು?

ನಮ್ಮ ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ನೌಕೆಯನ್ನು ನೆಲದ ಮೇಲೆ ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. ಅದು ಲೋಹದ ನೌಕೆ; ಅಲ್ಲಿನ ಚಿಂತೆ ಕೊಳೆತವಲ್ಲ, ಉಪ್ಪುಗಾಳಿಯ ತುಕ್ಕು. ಆಸ್ಟ್ರೇಲಿಯದ ಆಲ್ಬನಿಯಲ್ಲಿ 1978ರಲ್ಲಿ ಮುಚ್ಚಿದ ತಿಮಿಂಗಿಲ ಕೇಂದ್ರದ ಚೇನ್ಸ್ 4 ಎಂಬ ಬೇಟೆ ಹಡಗನ್ನೂ ಹೀಗೇ ನೆಲದ ಮೇಲೆ ಇಟ್ಟಿದ್ದಾರೆ. ಉಕ್ಕಿಗೆ ಅದು ನಡೆಯುತ್ತದೆ. ಮರಕ್ಕೆ ನಡೆಯುವುದಿಲ್ಲ.

ಮಿಸ್ಟಿಕ್‌ನವರಿಗೂ ಇದು ತಕ್ಷಣ ಹೊಳೆಯಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಅಲ್ಲೂ ಮೊದಲ ಮೂರು ದಶಕ ಮಾರ್ಗನ್ ಕೂತದ್ದು ಮರಳು-ಕಲ್ಲಿನ ಹಾಸಿನ ಮೇಲೆಯೇ. 1970ರ ದಶಕದ ಮೊದಲರ್ಧದಲ್ಲಿ ಸುತ್ತಲಿನ ಹೂಳು ತೆಗೆದು ನೋಡಿದರೆ ಹಡಗು ತೇಲಿತು! ಅದೇ ಹೊತ್ತಿಗೆ ಮ್ಯೂಸಿಯಂ ತನ್ನದೇ ಒಂದು ಹಡಗುಕಟ್ಟೆಯನ್ನು ಕಟ್ಟಿಕೊಂಡಿತು. ಹಡಗನ್ನು ನೀರಿನಿಂದ ಎತ್ತುವ ಲಿಫ್ಟು, ಮರ ಕೊಯ್ಯುವ ಮಿಲ್ಲು, ಬಡಗಿಗಳು, ಕಮ್ಮಾರರು, ಹಗ್ಗ ಹೆಣೆಯುವವರು ಎಲ್ಲ ಅಲ್ಲೇ. ನನ್ನ ಮಟ್ಟಿಗೆ ಈ ಇಡೀ ಕತೆಯ ತಿರುವು ಇದೇ. ಅಲ್ಲಿಂದ ಮುಂದೆ ಹಡಗು ವಸ್ತುಸಂಗ್ರಹಾಲಯದ ವಸ್ತುವಾಗಿರದೆ, ಮತ್ತೆ ಹಡಗುಕಟ್ಟೆಯ ಕೆಲಸವಾಯಿತು.

2008ರ ನವೆಂಬರ್‌ನಲ್ಲಿ ಮಾರ್ಗನ್ ದೊಡ್ಡ ಜೀರ್ಣೋದ್ಧಾರಕ್ಕೆ ನೀರಿನಿಂದ ಮೇಲೆ ಬಂತು. ಮೊದಲು ದಾಖಲಾತಿ. ಲೇಸರ್ ಸ್ಕ್ಯಾನ್ ಮಾಡಿ ಹಡಗಿನ ಪ್ರತಿ ತಿರುವನ್ನೂ ಕಂಪ್ಯೂಟರಿಗೆ ಇಳಿಸಿದರು. ಎಕ್ಸ್-ರೇ ತೆಗೆದು ಮರದೊಳಗೆ ಹೂತ ಲೋಹದ ಮೊಳೆಗಳು ಯಾವ ಸ್ಥಿತಿಯಲ್ಲಿವೆ ಎಂದು ನೋಡಿದರು. ಹಳೆ ಹಡಗುಗಳಿಗೆ ಇನ್ನೊಂದು ವಯೋಸಹಜ ರೋಗವಿದೆ. ಹೊಟ್ಟೆಯ ಭಾಗ ಅಗಲ, ನೀರು ಅದನ್ನು ಜೋರಾಗಿ ಮೇಲೆತ್ತುತ್ತದೆ. ಎರಡೂ ತುದಿ ಕಿರಿದು, ಅಲ್ಲಿ ನೀರಿನ ಆಸರೆ ಕಡಿಮೆ. ದಶಕಗಳು ಕಳೆದಂತೆ ತುದಿಗಳು ಜೋಲುತ್ತವೆ, ಬೆನ್ನು ಮೇಲೆ ಬಾಗುತ್ತದೆ. ಹಾಗಾಗಿ ಒಂದು ಹಲಗೆ ಕಿತ್ತರೂ ಆಕಾರ ಕೆಡದಂತೆ ಸುತ್ತಲೂ ಊರುಗೋಲು ಕೊಟ್ಟು ನಿಲ್ಲಿಸಿಕೊಳ್ಳಬೇಕು.

ಆಮೇಲೆ ಮರದ ಹುಡುಕಾಟ. ಫ್ರೇಮುಗಳಿಗೆ ಬೇಕಾದದ್ದು ಲೈವ್ ಓಕ್. ಅಮೆರಿಕದ ದಕ್ಷಿಣ ಕರಾವಳಿಯಲ್ಲಿ ಬೆಳೆಯುವ, ಹಸಿಯಾಗಿದ್ದಾಗ ನೀರಲ್ಲಿ ಮುಳುಗುವಷ್ಟು ತೂಕದ ಮರ. ಅದರ ಕೊಂಬೆಗಳು ಸೊಟ್ಟಸೊಟ್ಟಗೆ ಬೆಳೆಯುತ್ತವೆ. ಮನೆ ಕಟ್ಟುವವನಿಗೆ ಇದು ಬೇಡದ ಗುಣ, ಹಡಗು ಕಟ್ಟುವವನಿಗೆ ವರ. ನೇರ ಮರವನ್ನು ಬಿಲ್ಲಿನಾಕಾರಕ್ಕೆ ಕೊಯ್ದರೆ ನಾರು ಅಡ್ಡಲಾಗಿ ತುಂಡಾಗಿ ಬಲ ಹೋಗುತ್ತದೆ. ತಾನಾಗಿಯೇ ಬಾಗಿದ ಕೊಂಬೆಯಲ್ಲಿ ನಾರೂ ಅದೇ ತಿರುವಿನಲ್ಲಿ ಓಡುತ್ತದೆ. ಆದರೆ ಇಂಥ ಮುದಿ ಮರಗಳನ್ನು ಈಗ ಯಾರು ಕಡಿಯಲು ಬಿಡುತ್ತಾರೆ? ಮಿಸ್ಟಿಕ್‌ನವರು ಯಾವ ಮರವನ್ನೂ ಇದಕ್ಕೆಂದೇ ಉರುಳಿಸಬೇಕಾಗದ ದಾರಿ ಹುಡುಕಿದರು. 2005ರ ಕತ್ರಿನಾ ಚಂಡಮಾರುತ ಕೆಡವಿದ ಮರಗಳು ಬಂದವು. 2008ರ ಐಕ್ ಚಂಡಮಾರುತದಲ್ಲಿ ಉಪ್ಪುನೀರು ಕುಡಿದು ಸತ್ತ ಗ್ಯಾಲ್ವೆಸ್ಟನ್ ಊರಿನ ಬೀದಿಮರಗಳು ಬಂದವು. 2010ರಲ್ಲಿ ಬಾಸ್ಟನ್‌ನ ಹಳೆಯ ನೌಕಾಂಗಣದ ಜಾಗದಲ್ಲಿ ಆಸ್ಪತ್ರೆಗೆ ಪಾಯ ತೋಡುತ್ತಿದ್ದಾಗ ಕೆಸರಿನಡಿ ಹಡಗಿಗೆಂದೇ ಕೂಡಿಟ್ಟಿದ್ದ ಹಳೆಯ ತೊಲೆಗಳು ಸಿಕ್ಕಿದವು. ಯಾವುದೋ ಯುದ್ಧನೌಕೆಗೆಂದು ತಂದು ಕೆಸರಲ್ಲಿ ಹೂತಿಟ್ಟು ಮರೆತ ಮರ ಕೊನೆಗೆ ಮಾರ್ಗನ್‌ನ ಮೈ ಸೇರಿತು.

ಹಲಗೆ ಬಾಗಿಸುವ ಕೆಲಸವನ್ನು ಹತ್ತಿರದಿಂದ ನೋಡುವಂತಿದೆ. ಉದ್ದನೆಯ ಪೆಟ್ಟಿಗೆಯೊಳಗೆ ಹಲಗೆಯಿಟ್ಟು ಹಬೆ ಬಿಡುತ್ತಾರೆ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ಗಂಟೆ ಎಂಬುದು ಬಡಗಿಗಳ ಲೆಕ್ಕ. ಬೆಂದ ಹಲಗೆ ಹೊರಬಂತೆಂದರೆ ಮಾತಿಗೆ ಸಮಯವಿಲ್ಲ. ಕೈಗವಸು ಹಾಕಿದ ಏಳೆಂಟು ಜನ ಹೆಗಲ ಮೇಲೆ ಹೊತ್ತು ಓಡುತ್ತಾರೆ, ಒಂದು ತುದಿಯನ್ನು ಬಿಗಿದು, ಮುಂದೆ ಮುಂದೆ ಒತ್ತುತ್ತ, ಕ್ಲ್ಯಾಂಪು ಹಾಕುತ್ತ, ಬೆಣೆ ಬಡಿಯುತ್ತ ಹೋಗುತ್ತಾರೆ. ಕೆಲವೇ ನಿಮಿಷ, ಮರ ತಣ್ಣಗಾದರೆ ಮತ್ತೆ ಮಾತು ಕೇಳುವುದಿಲ್ಲ. ಯಾವ ಹೊತ್ತಿಗೆ ಎಷ್ಟು ಒತ್ತಬೇಕು, ಎಲ್ಲಿ ಸೀಳು ಬಿಡಬಹುದು ಎಂಬುದನ್ನು ಬರೆದಿಟ್ಟು ಕಲಿಸಲು ಆಗುವುದಿಲ್ಲ. ಪಕ್ಕದಲ್ಲಿ ನಿಂತವನ ಕೈ ನೋಡಿಯೇ ಕಲಿಯಬೇಕು.

ಇಷ್ಟೆಲ್ಲ ಬದಲಿಸಿದ ಮೇಲೆ ಇದು ಅದೇ ಹಡಗೇ? 1841ರ ಮರ ಉಳಿದಿರುವುದು ಮುಖ್ಯವಾಗಿ ಕೀಲ್ ಎನ್ನುವ ತಳದ ತೊಲೆಯಲ್ಲಿ, ಅದರ ಆಸುಪಾಸಿನ ಕೆಳಗಿನ ಮರಗಳಲ್ಲಿ. ಉಪ್ಪುನೀರಿನಲ್ಲಿ ಸದಾ ನೆನೆದಿದ್ದ ಭಾಗವೇ ಉಳಿದಿದೆ ಎಂಬುದು ಮೇಲಿನ ವಿವರಣೆಗೆ ಸಾಕ್ಷಿ. ನೀರಿನ ಮೇಲಿನದೆಲ್ಲ ಒಮ್ಮೆಯಲ್ಲ, ಹಲವು ಬಾರಿ ಬದಲಾಗಿದೆ. ನಮ್ಮ ಊರುಗಳ ತೇರನ್ನು ಬಲ್ಲವರಿಗೆ ಈ ಪ್ರಶ್ನೆ ಅಷ್ಟೇನೂ ಕಂಗೆಡಿಸುವುದಿಲ್ಲ. ಗಾಲಿ ಸವೆದರೆ ಹೊಸ ಗಾಲಿ, ಅಚ್ಚು ಮುರಿದರೆ ಹೊಸ ಅಚ್ಚು. ಆದರೂ ಜಾತ್ರೆಯಲ್ಲಿ ಎಳೆಯುವುದು ಅದೇ ಸ್ವಾಮಿಯ ಅದೇ ತೇರನ್ನೇ. ಮಾರ್ಗನ್ ದುಡಿಯುತ್ತಿದ್ದ ಕಾಲದಲ್ಲೂ ಪ್ರತಿ ಪಯಣದ ನಂತರ ಹಲಗೆ ಬದಲಿಸುತ್ತಿದ್ದರು. ಬದಲಿಸುವುದನ್ನು ನಿಲ್ಲಿಸಿದ್ದೇ ಆ ಹಡಗಿನ ಜೀವನದಲ್ಲಿ ನಡೆದ ಅಸಹಜ ಸಂಗತಿ. ನ್ಯೂ ಬೆಡ್‌ಫರ್ಡ್‌ನ ಮ್ಯೂಸಿಯಂನಲ್ಲಿ ಲಗೋಡಾ ಎಂಬ ಬೇಟೆ ಹಡಗಿನ ಅರ್ಧ ಅಳತೆಯ ಮಾದರಿಯಿದೆ. 1916ರಲ್ಲಿ ಕಟ್ಟಿದ್ದು, ಸೂರಿನಡಿ ಸುಖವಾಗಿದೆ, ನೋಡಲು ಚೆಂದ. ಆದರೆ ಅದು ಎಂದೂ ನೀರು ಕಂಡದ್ದಲ್ಲ.

ಇನ್ನೂ ಕಠಿಣವಾದ ಪ್ರಶ್ನೆ ಬೇರೆಯಿದೆ. ಇದು ಯಾವುದರ ಸ್ಮಾರಕ?

ಡೆಕ್ಕಿನ ಮೇಲೆ ಇಟ್ಟಿಗೆಯ ಒಲೆಯೊಂದಿದೆ, ಅದರಲ್ಲಿ ದೊಡ್ಡ ಕಬ್ಬಿಣದ ಕಡಾಯಿಗಳು. ಸಣ್ಣ ದೋಣಿಗಳಲ್ಲಿ ಆರಾರು ಜನ ಹೋಗಿ ಹಾರ್ಪೂನ್ ಎಂಬ ಹಗ್ಗ ಕಟ್ಟಿದ ಈಟಿ ಎಸೆದು ಕೊಂದ ತಿಮಿಂಗಿಲವನ್ನು ಹಡಗಿನ ಮಗ್ಗುಲಿಗೆ ಕಟ್ಟಿ, ಚರ್ಮದಡಿಯ ಕೊಬ್ಬನ್ನು ಸುಲಿದು, ಕೊಚ್ಚಿ, ಈ ಕಡಾಯಿಗಳಲ್ಲಿ ಕಾಯಿಸಿ ಎಣ್ಣೆ ತೆಗೆಯುತ್ತಿದ್ದರು. ಮರದ ಹಡಗಿನ ಮೇಲೆ ಹಗಲೂ ರಾತ್ರಿ ಬೆಂಕಿ. ಡೆಕ್ಕು ಹೊತ್ತದಿರಲೆಂದು ಒಲೆಯಡಿ ನೀರಿನ ತೊಟ್ಟಿ. ಸೌದೆ ಏನು? ಎಣ್ಣೆ ಬಿಟ್ಟ ಕೊಬ್ಬಿನ ಚರಟವೇ. ತಿಮಿಂಗಿಲವನ್ನು ಬೇಯಿಸಿದ್ದು ತಿಮಿಂಗಿಲವೇ. ಎಣ್ಣೆಯ ಜೊತೆಗೆ ಕೆಲವು ಜಾತಿಯ ತಿಮಿಂಗಿಲಗಳ ಬಾಯಿಯಲ್ಲಿ ಹಲ್ಲಿನ ಬದಲು ಇರುವ ಬಳುಕುವ ಪಟ್ಟಿಗಳನ್ನೂ ತರುತ್ತಿದ್ದರು. ಹೆಂಗಸರ ಬಿಗಿಯುಡುಪಿಗೆ, ಕೊಡೆಯ ಕಡ್ಡಿಗೆ ಅದು ಬೇಕಿತ್ತು. ಮಂಗಳೂರು, ಬೆಂಗಳೂರಿನಲ್ಲಿ ಪೊಲೀಸರು ಆಗಾಗ ಹಿಡಿಯುವ 'ತಿಮಿಂಗಿಲ ವಾಂತಿ'ಯ ಸುದ್ದಿ ನಾವು ಓದುತ್ತಿರುತ್ತೇವಲ್ಲ, ಆ ಅಂಬರ್‌ಗ್ರೀಸ್ ಬರುವುದು ಮಾರ್ಗನ್ ಹುಡುಕಿಕೊಂಡು ಹೋಗುತ್ತಿದ್ದ ಸ್ಪರ್ಮ್ ತಿಮಿಂಗಿಲದಿಂದಲೇ.

ಕೊಂದವರ ಬದುಕೂ ಹಗುರದ್ದಲ್ಲ. ಸಂಬಳವಿಲ್ಲ, ಲಾಭದಲ್ಲಿ ಪಾಲು. ಹೊಸಬನಿಗೆ ನೂರೈವತ್ತರಲ್ಲೋ ಇನ್ನೂರರಲ್ಲೋ ಒಂದು ಪಾಲು. ಹಡಗಿನ ಅಂಗಡಿಯಲ್ಲಿ ಸಾಲಕ್ಕೆ ಪಡೆದ ಬಟ್ಟೆ, ಹೊಗೆಸೊಪ್ಪಿನ ಲೆಕ್ಕ ಕಳೆದರೆ ಕೆಲವರು ಮೂರು ವರ್ಷ ದುಡಿದೂ ಸಾಲಗಾರರಾಗಿ ಇಳಿಯುತ್ತಿದ್ದರು. ಮಾರ್ಗನ್‌ನಲ್ಲಿ ದುಡಿದವರು ಸಾವಿರಕ್ಕೂ ಹೆಚ್ಚು ಜನ. ಅವರಲ್ಲಿ ಅಜೋರ್ಸ್, ಕೇಪ್ ವರ್ಡ್ ದ್ವೀಪಗಳವರು, ಪೆಸಿಫಿಕ್ ದ್ವೀಪಗಳವರು, ಅಮೆರಿಕದ ಮೂಲನಿವಾಸಿಗಳು, ಕರಿಯರು ಎಲ್ಲರೂ ಇದ್ದರು. 1848ರಲ್ಲಿ ಹಾರ್ಪೂನಿನ ಮೊನೆಯನ್ನು ಒಳಹೊಕ್ಕ ಮೇಲೆ ಅಡ್ಡ ತಿರುಗಿ ಕಚ್ಚಿಕೊಳ್ಳುವಂತೆ ಸುಧಾರಿಸಿದವನು ನ್ಯೂ ಬೆಡ್‌ಫರ್ಡ್‌ನ ಕಪ್ಪು ಕಮ್ಮಾರ ಲೂಯಿಸ್ ಟೆಂಪಲ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು 1838ರಲ್ಲಿ ಇದೇ ಊರಿಗೆ ಬಂದ ಫ್ರೆಡರಿಕ್ ಡಗ್ಲಸ್, ಮುಂದೆ ಗುಲಾಮಗಿರಿಯ ವಿರುದ್ಧ ದೇಶವೇ ಕೇಳುವಂತೆ ಮಾತಾಡಿದವನು, ಹಡಗಿನ ಸಂದಿಗೆ ನಾರು ತುರುಕುವ ಕಸುಬನ್ನು ಚೆನ್ನಾಗಿ ಬಲ್ಲವನಾಗಿದ್ದ. ಅವನು ಕೈ ಹಚ್ಚಿದರೆ ನಾವು ಕೆಲಸ ಬಿಡುತ್ತೇವೆ ಎಂದು ಬಿಳಿಯ ಕೆಲಸಗಾರರು ಹೇಳಿದ್ದಕ್ಕೆ ಕೂಲಿ ಕೆಲಸ ಮಾಡಿ ಹೊಟ್ಟೆ ಹೊರೆಯಬೇಕಾಯಿತು. ಹಡಗಿನ ಸೌಂದರ್ಯವನ್ನು ತೋರಿಸಿ ಇದನ್ನೆಲ್ಲ ಬಚ್ಚಿಡುವುದಾದರೆ ಅಂಥ ಸ್ಮಾರಕ ಬೇಡವೇ ಬೇಡ ಎನ್ನುವವನು ನಾನು.

ಮಿಸ್ಟಿಕ್‌ನವರು ಇದಕ್ಕೆ ಕೊಟ್ಟ ಉತ್ತರ ಧೈರ್ಯದ್ದು. 2013ರ ಜುಲೈ 21ರಂದು, ಹಡಗು ಮೊದಲು ನೀರಿಗಿಳಿದು ಸರಿಯಾಗಿ 172 ವರ್ಷಕ್ಕೆ, ಮತ್ತೆ ಇಳಿಸಿದರು. ಮರುವರ್ಷ ಬೇಸಿಗೆಯಲ್ಲಿ ಅದನ್ನು 38ನೇ ಪಯಣಕ್ಕೆ ಕಳಿಸಿದರು. ಎಂಜಿನ್ ಇಲ್ಲ, ಬಂದರಿನಿಂದ ಟಗ್ ಎಳೆದೊಯ್ಯುವುದು, ಆಮೇಲೆ ಹಾಯಿ. ಬದಲಿ ಎನ್ನುವುದೇ ಇಲ್ಲದ ವಸ್ತುವನ್ನು ಕಡಲಿಗೆ ಬಿಡುವುದು ಸರಿಯೇ ಎಂಬ ಅಳುಕು ಸಹಜ. ಆದರೆ ಹಾಯಿಯ ಒತ್ತಡ ತಡೆಯಬೇಕು ಎಂಬ ಗುರಿಯಿದ್ದಾಗ ರಿಪೇರಿಯ ಮಟ್ಟವೇ ಬೇರೆಯಾಗುತ್ತದೆ. ಕಣ್ಣಿಗೆ ಕಂಡರೆ ಸಾಕು ಎಂಬ ಕೆಲಸ ಅಲ್ಲಿ ನಡೆಯದು. ನ್ಯೂ ಬೆಡ್‌ಫರ್ಡ್‌ಗೆ, ತನ್ನ ತವರಿಗೆ, ಹಡಗು ಹೋಗಿಬಂತು. ಜುಲೈನಲ್ಲಿ ಸ್ಟೆಲ್‌ವ್ಯಾಗನ್ ಬ್ಯಾಂಕ್ ಎಂಬ ಸಂರಕ್ಷಿತ ಕಡಲಪ್ರದೇಶಕ್ಕೆ ಹೋಯಿತು. ಅಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಹಡಗಿನ ಸಮೀಪವೇ ಮೇಲೆದ್ದವು. ಬೇಟೆಯ ದೋಣಿಯನ್ನೂ ಇಳಿಸಿದರು, ಈ ಬಾರಿ ಹಾರ್ಪೂನ್ ಇಲ್ಲದೆ. ಹಡಗಿನಲ್ಲಿದ್ದವರು ಕಲಾವಿದರು, ಇತಿಹಾಸಕಾರರು, ತಿಮಿಂಗಿಲ ವಿಜ್ಞಾನಿಗಳು, ಹಿಂದಿನ ನಾವಿಕರ ವಂಶದವರು.

ಅದೇ 2014 ನಮಗೆ ಬೇರೆ ಕಾರಣಕ್ಕೆ ನೆನಪಿರಬೇಕು. 1971ರ ಯುದ್ಧದಲ್ಲಿ ಹೆಸರು ಮಾಡಿದ ವಿಮಾನವಾಹಕ ನೌಕೆ ವಿಕ್ರಾಂತ್ 1997ರಲ್ಲಿ ನಿವೃತ್ತಿಯಾಗಿ ಮುಂಬೈಯಲ್ಲಿ ಕೆಲಕಾಲ ಮ್ಯೂಸಿಯಂ ಆಗಿತ್ತು. 2012ರಲ್ಲಿ ಸುರಕ್ಷಿತವಲ್ಲವೆಂದು ಮುಚ್ಚಿದರು, ಹರಾಜು ಹಾಕಿದರು, 2014ರ ನವೆಂಬರ್‌ನಲ್ಲಿ ಒಡೆಯಲು ಶುರುಮಾಡಿದರು. ಅದರ ಲೋಹದ ಒಂದಿಷ್ಟು ಭಾಗ ಮೋಟಾರ್ ಬೈಕಿಗೆ ಹೋಯಿತು. ಉಳಿಸಬೇಕೆಂಬ ಆಸೆ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಕೋರ್ಟಿನವರೆಗೆ ಹೋದವರಿದ್ದರು. ಇಲ್ಲದಿದ್ದದ್ದು ವರ್ಷ ವರ್ಷವೂ ಅದನ್ನು ಎತ್ತಿ, ಕೆರೆದು, ಬದಲಿಸುವ ಒಂದು ಕಟ್ಟೆ, ಅಲ್ಲಿ ಕಾಯಂ ದುಡಿಯುವ ಕೈಗಳು. ಇತ್ತ ಮುಂಬೈಯ ವಾಡಿಯಾ ಮನೆತನದವರು ಸಾಗುವಾನಿ ಮರದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ತೇಲುತ್ತಿದೆ. ಕಟ್ಟುವ ಕೈ ನಮ್ಮಲ್ಲೇ ಇತ್ತು.

ಮಾರ್ಗನ್ 2014ರ ಆಗಸ್ಟ್‌ನಲ್ಲಿ ಮಿಸ್ಟಿಕ್‌ಗೆ ಮರಳಿತು. ಈಗ ಧಕ್ಕೆಯ ಪಕ್ಕ ನೀರಿನಲ್ಲೇ ನಿಂತಿದೆ. ಒಳಗಿಳಿದು ಖಲಾಸಿಗಳು ಮಲಗುತ್ತಿದ್ದ ಗೂಡುಗಳನ್ನೂ, ಕೊಬ್ಬು ಕೊಚ್ಚುತ್ತಿದ್ದ ಕೋಣೆಯನ್ನೂ ನೋಡಬಹುದು. ಅದರ ಕೆಲಸದಲ್ಲಿ ಪಳಗಿದ ಹಡಗುಕಟ್ಟೆಗೆ ಮುಂದಿನ ದೊಡ್ಡ ಕೆಲಸವಾಗಿ ಬಂದದ್ದು ಮೇಫ್ಲವರ್ 2. ಇಂಗ್ಲೆಂಡಿನಿಂದ ಬಂದ ಆರಂಭದ ವಲಸಿಗರ ಹಡಗಿನ ಪ್ರತಿರೂಪವದು, ಅದಕ್ಕೂ ಮರ ಕೊಳೆತಿತ್ತು. ಹಬೆಪೆಟ್ಟಿಗೆ ಮತ್ತೆ ಕಾದಿತು. 2020ರಲ್ಲಿ ಆ ಹಡಗೂ ಸಿದ್ಧವಾಗಿ ತನ್ನ ಊರಾದ ಪ್ಲಿಮತ್‌ಗೆ ಹೊರಟಿತು.